ಜೇಬು ನೋಡುವವಳು

ಹೋದ ವಾರ ಮಗಳ ಶಾಲೆಯಿಂದ ಒಂದು ಚೀಟಿ ಬಂತು. ಉಕ್ರೇನಿಗೆ ಕಳಿಸಲು ದಪ್ಪ ಕೋಟುಗಳು ಬೇಕಾಗಿವೆ, ಮನೆಯಲ್ಲಿ ಸುಮ್ಮನೆ ಇಟ್ಟದ್ದಿದ್ದರೆ ಜೇಬು ಖಾಲಿ ಮಾಡಿ ತಂದುಕೊಡಿ ಎಂದು. ಆ ದೇಶದ ಹೆಸರು ಈಗ ದಿನಾ ಟಿವಿಯಲ್ಲಿ ಬರುತ್ತದೆ. ಇಪ್ಪತ್ತು ವರ್ಷದ ಹಿಂದೆ ಅದನ್ನು ಭೂಪಟದಲ್ಲಿ ತೋರಿಸು ಎಂದಿದ್ದರೆ ನಾನು ರಷ್ಯಾದ ಆಸುಪಾಸು ಎಲ್ಲೋ ಬೆರಳಿಟ್ಟು ತಪ್ಪಿಸಿಕೊಳ್ಳುತ್ತಿದ್ದೆ. ಮೆಲ್ಬರ್ನಿನ ಅಂಚಿನ ಟಾರ್ನೀಟ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ ಕಾರಿಗಿಂತ ಸೂಟ್‌ಕೇಸುಗಳಿಗೇ ಹೆಚ್ಚು ಜಾಗ. ಅಡಿಯಲ್ಲಿದ್ದ ಒಂದನ್ನು ಎಳೆದು ಜಿಪ್ ತೆಗೆದೆ. ಡಾಂಬರು ಗುಳಿಗೆಯ ವಾಸನೆ, ಹಳೇ ಉಣ್ಣೆಯ ವಾಸನೆ, ಅವೆರಡರ ಕೆಳಗೆ ಜೀರಿಗೆಯನ್ನು ಹೋಲುವ ಮೂರನೆಯದೊಂದು. ಒಳಗಿದ್ದದ್ದು ಬಾಟಲಿ ಹಸಿರು ಬಣ್ಣದ, ಮೊಣಕಾಲುದ್ದದ ಹೆಂಗಸರ ಕೋಟು. ಅದನ್ನು ಮಡಿಲಲ್ಲಿಟ್ಟುಕೊಂಡು ಸಿಮೆಂಟಿನ ನೆಲದ ಮೇಲೆಯೇ ಕುಳಿತುಬಿಟ್ಟೆ.

ಆ ಮೂರನೆಯ ವಾಸನೆ ಎರಡು ಸಾವಿರದ ಮೂರರ ಸಿಡ್ನಿಯ ಚಳಿಗಾಲದ್ದು. ಆಗ ನನ್ನ ಓದು ಮುಗಿದಿತ್ತು, ಇಲ್ಲೇ ನೆಲೆಸಲು ಪಿಆರ್ ಕಾಗದ ಬಂದಿತ್ತು, ಕೆಲಸ ಮಾತ್ರ ಇರಲಿಲ್ಲ. ಚಾಟ್ಸ್‌ವುಡ್‌ನ ಆಫೀಸುಗಳಿಗೆ ವಾರಕ್ಕೆರಡು ಸಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ, ಮುಖ ಒಣಗಿಸಿಕೊಂಡು ಬರುತ್ತಿದ್ದೆ. ಎಲ್ಲರೂ ಕೇಳುತ್ತಿದ್ದದ್ದು ಒಂದೇ: ಈ ದೇಶದಲ್ಲಿ ನಿನ್ನನ್ನು ಬಲ್ಲವರು ಯಾರು, ನೀನು ನಂಬಿಕಸ್ಥಳು ಎಂದು ಬರೆದುಕೊಡುವವರು ಯಾರು? ಗದಗಿನಲ್ಲಾಗಿದ್ದರೆ ಇಡೀ ಓಣಿಯೇ ಬರೆದುಕೊಡುತ್ತಿತ್ತು. ಇಲ್ಲಿ ನನ್ನನ್ನು ಬಲ್ಲವಳು ಫ್ಲೇವಿ ಒಬ್ಬಳೇ. ಮಂಗಳೂರಿನವಳು, ವೆಸ್ಟ್‌ಮೀಡ್ ಸ್ಟೇಷನ್ ಹತ್ತಿರದ ಫ್ಲ್ಯಾಟಿನಲ್ಲಿ ನನ್ನ ಜೊತೆಗಾರ್ತಿ. ಮುದುಕರನ್ನು ನೋಡಿಕೊಳ್ಳುವ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕಿದ್ದಳು.

“ಎಂತ ಮಾರಾಯ್ತಿ, ದಿನವಿಡೀ ಆ ಕಂಪ್ಯೂಟರನ್ನು ನೋಡಿಕೊಂಡು ಕೂತರೆ ಕೆಲಸ ಅದರೊಳಗಿಂದ ಹೊರಗೆ ಬರ್ತದಾ?” ಎಂದಳು ಒಂದು ದಿನ. “ನಮ್ಮ ಹೋಮಿಗೆ ಬರುವ ಒಬ್ರು ಉಕ್ರೇನಿಯನ್ ಆಂಟಿ ಇದ್ದಾರೆ. ಅವರ ಹಾಲ್‌ನಲ್ಲಿ ಬಟ್ಟೆ ಪ್ಯಾಕ್ ಮಾಡ್ಲಿಕ್ಕೆ ಜನ ಬೇಕಂತೆ. ಸೂಪು ಕೊಡ್ತಾರೆ. ಒಳ್ಳೆ ಕೆಲಸ ಮಾಡಿದ್ರೆ ರೆಫರೆನ್ಸ್ ಸಹ ಬರೆದು ಕೊಡ್ತಾರೆ. ಹೋಗು.”

ಹೀಗೆ ನಾನು ಹಲೀನಾ ಅವರ ಕೈಕೆಳಗೆ ಬಂದೆ. ಅವರಿಗೆ ಎಂಬತ್ತಕ್ಕೆ ಒಂದು ಕಡಿಮೆ. ಎತ್ತರದ ಆಳು, ದೊಡ್ಡ ಬಾಯಿ, ಹೆಗಲ ಮೇಲೆ ಹೂಗಳ ಕರೀ ವಸ್ತ್ರ. ಸಿಡ್ನಿಯ ಉಕ್ರೇನಿಯನ್ ಸಂಘದ ಕಾರ್ಯದರ್ಶಿಯಾಗಿ ಎಷ್ಟು ವರ್ಷವಾಗಿತ್ತೋ ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವರು ನನ್ನೊಂದಿಗೆ ಆಡಿದ್ದು ಗಂಟುಗಂಟಾದ ಇಂಗ್ಲಿಷು. ಆದರೆ ನೆನಪೆಂಬುದು ತನಗೆ ಬೇಕಾದಂತೆ ಮಾಡಿಕೊಳ್ಳುತ್ತದೆ. ನನ್ನ ಕಿವಿಯಲ್ಲಿ ಆ ಹೆಂಗಸರ ಮಾತೆಲ್ಲ ನಮ್ಮಜ್ಜಿಯ ಗದಗಿನ ಕನ್ನಡವಾಗಿಯೇ ಉಳಿದುಬಿಟ್ಟಿದೆ. ಅದನ್ನು ಹಾಗೆಯೇ ಬರೆಯುತ್ತೇನೆ.

ಹಾಲ್ ಎಂದರೆ ತಗಡಿನ ಮಾಡಿನ ಉದ್ದನೆಯ ಕಟ್ಟಡ. ಗೋಡೆಯ ತುಂಬ ತೀರಿಹೋದವರ ಫೋಟೊ, ಪ್ರತಿ ಫೋಟೊದ ಮೇಲೆ ಕೆಂಪು ಕಪ್ಪು ಕಸೂತಿಯ ವಸ್ತ್ರ. ಅದರ ಕೆಳಗೆ ಸಾಲಾಗಿ ಕಬ್ಬಿಣದ ಸರಳುಗಳು, ಸರಳುಗಳ ತುಂಬ ಕೋಟುಗಳು. ಅವರ ಊರಿನ ಒಂದು ಮಕ್ಕಳ ಆಸ್ಪತ್ರೆಗೆ, ಆ ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರಿಗೆ, ಕಂಟೇನರ್ ತುಂಬ ಚಳಿಬಟ್ಟೆ ಕಳಿಸುವುದು ಆ ವರ್ಷದ ಕೆಲಸ. ಕೋಟು ಎಲ್ಲಿಂದ ಬಂದವೆಂದು ನಾನು ಕೇಳಲಿಲ್ಲ. ಗೋಡೆಯ ಫೋಟೊ ನೋಡಿ, ಕೆಳಗಿನ ಕೋಟು ನೋಡಿದಾಗ ತಾನೇ ತಿಳಿಯಿತು. ಫೋಟೊದಲ್ಲಿದ್ದವರು ತೊಟ್ಟದ್ದೇ ಕೆಳಗೆ ತೂಗುತ್ತಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹಡಗಿನಲ್ಲಿ ಬಂದ ತಲೆಮಾರು ಒಂದೊಂದಾಗಿ ಖಾಲಿಯಾಗುತ್ತಿತ್ತು, ಅವರ ಬಟ್ಟೆ ಮಾತ್ರ ಬಂದ ಊರಿಗೆ ಹಿಂದಿರುಗುತ್ತಿತ್ತು.

ಅವರಲ್ಲಿ ಕೆಲಸಕ್ಕೊಂದು ಕ್ರಮವಿತ್ತು. ಮೊದಲನೆಯವಳು ಕೋಟಿಗೆ ಬ್ರಷ್ ಹಾಕಿ, ಕಾಲರ್ ಮುಟ್ಟಿ, ತೊಟ್ಟವರ ಹೆಸರನ್ನು ಗಟ್ಟಿಯಾಗಿ ಹೇಳುವಳು. ಎರಡನೆಯವಳು ಗುಂಡಿ ಹೊಲಿಯುವಳು. ಮೂರನೆಯವಳು ಜೇಬು ನೋಡಬೇಕು. ಆ ಮೂರನೆಯ ಜಾಗಕ್ಕೆ ಯಾರೂ ಬರುತ್ತಿರಲಿಲ್ಲ. ನಾಲ್ಕು ದಿನ ಒಟ್ಟಿಗೆ ಸೂಪು ಕುಡಿದವನ ಜೇಬಿಗೆ, ಅವನು ಸತ್ತ ಮೇಲೆ ಕೈ ಹಾಕುವುದು ಹೇಗೆ? ಹೀಗಾಗಿ ಜೇಬಿನ ಕೆಲಸ ನನ್ನದಾಯಿತು. ನನಗೆ ಅಲ್ಲಿ ಯಾರೂ ಗೊತ್ತಿರಲಿಲ್ಲವಲ್ಲ.

“ನಿನ್ನ ಕೈಗೆ ಇವ್ರ ಗುರ್ತ ಇಲ್ಲ,” ಎಂದರು ಹಲೀನಾ. “ನಿನ್ನ ಕೈ ಹೋದ್ರ ಅವ್ರಿಗೆ ನಾಚ್ಕಿ ಆಗಂಗಿಲ್ಲ.”

ಏನೇನು ಸಿಗುತ್ತಿತ್ತು! ರೈಲಿನ ಟಿಕೆಟು, ಮಡಿಸಿದ ಕರ್ಚೀಫು, ಕೆಮ್ಮಿನ ಗುಳಿಗೆ, ಚರ್ಚಿನ ಮೋಂಬತ್ತಿಯ ತುಂಡು, ಒಮ್ಮೆ ಕಿವಿಯ ಯಂತ್ರ. ಅದು ಇನ್ನೂ ಕುಂಯ್ ಎನ್ನುತ್ತಿತ್ತು. ಅದನ್ನು ಮೇಜಿನ ಮೇಲಿಟ್ಟು ನಾವೆಲ್ಲ ಸ್ವಲ್ಪ ದೂರ ನಿಂತೆವು. ಯಾರ ಮಾತು ಕೇಳಿಸಿಕೊಳ್ಳುತ್ತಿತ್ತೋ. ಕೆಲವು ತೋಳುಗಳು ಮೊಣಕೈಯಲ್ಲಿ ಬಾಗಿದ್ದವು. ನೀವಿ ನೇರ ಮಾಡಿದರೂ ಮರುದಿನ ಮತ್ತೆ ಬಾಗಿರುತ್ತಿದ್ದವು. ನಾನು ದೆವ್ವ ಪಿಶಾಚಿಗಳಿಗೆ ಹೆದರುವವಳಲ್ಲ ಎಂದು ಜಂಬ ಪಡುತ್ತಿದ್ದವಳು. ಎರಡನೆಯ ವಾರದಿಂದ ಹಾಲ್‌ಗೆ ಮೊದಲು ಬಂದ ದಿನ ರೇಡಿಯೋ ಹಚ್ಚಿಯೇ ಕೆಲಸ ಶುರು ಮಾಡುತ್ತಿದ್ದೆ.

ಆ ವರ್ಷದ ಕಂಟೇನರಿಗೆ ಒಂದು ವಿಶೇಷವಿತ್ತು. ಸಿಡ್ನಿಯವರೂ ಮೆಲ್ಬರ್ನಿನವರೂ ಮೂವತ್ತು ವರ್ಷದಲ್ಲಿ ಮೊದಲ ಸಲ ಒಂದೇ ಕಂಟೇನರ್ ತುಂಬುತ್ತಿದ್ದರು. ಒಗ್ಗಟ್ಟು ಉಕ್ಕಿ ಹರಿದದ್ದರಿಂದೇನಲ್ಲ. ಎರಡೂ ಕಡೆ ಜನ ಕರಗಿ, ಒಬ್ಬೊಬ್ಬರಿಗೇ ತುಂಬಲು ಸಾಧ್ಯವಿರಲಿಲ್ಲ. ಮೆಲ್ಬರ್ನಿನ ಪೆಟ್ಟಿಗೆಗಳನ್ನು ಟ್ರಕ್ಕಿನಲ್ಲಿ ತರುತ್ತಿದ್ದ ಬೊಹ್ದಾನ್ ಅಂಕಲ್ ನನಗೆ ಜಗಳದ ಮೂಲ ಹೇಳಿದರು. ಮೆಲ್ಬರ್ನಿನ ಸಂಘದ ಮುಖ್ಯಸ್ಥೆ ಓಲ್ಯಾ, ಹಲೀನಾ ಅವರ ಒಡಹುಟ್ಟಿದ ತಂಗಿ. ಸೋವಿಯತ್ ಕಾಲದಲ್ಲಿ ಊರಿಗೊಂದು ಪಾರ್ಸೆಲ್ ಕಳಿಸಬೇಕಾದರೆ ಮಾಸ್ಕೋಗೆ ಸುಂಕ ಕಟ್ಟಬೇಕಿತ್ತು. ನಮ್ಮನ್ನು ಹಾಳು ಮಾಡಿದವರ ಹೊಟ್ಟೆ ತುಂಬಿಸುವುದು ಬೇಡ, ಯಾರೂ ಪಾರ್ಸೆಲ್ ಕಳಿಸಕೂಡದು ಎಂದು ಹಲೀನಾ ಸಂಘದಲ್ಲಿ ಠರಾವು ಮಾಡಿಸಿದರು. ಊರಿನಲ್ಲಿ ಆ ಅಕ್ಕತಂಗಿಯರನ್ನು ಸಾಕಿದ ಚಿಕ್ಕಮ್ಮ ಇನ್ನೂ ಬದುಕಿದ್ದಳು. ಓಲ್ಯಾ ಕದ್ದು ಕಳಿಸಿದರು. ಸಿಕ್ಕಿಬಿದ್ದರು. ಅಕ್ಕನೇ ಎದ್ದು ನಿಂತು ತಂಗಿಯ ಹೆಸರನ್ನು ಸಂಘದ ಪುಸ್ತಕದಿಂದ ಹೊಡೆದುಹಾಕಿದಳು. ತಂಗಿ ಮೆಲ್ಬರ್ನಿಗೆ ಹೋದವಳು ಮತ್ತೆ ಮಾತಾಡಲಿಲ್ಲ.

ಜೂನ್ ಮುಗಿಯುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಪೆಟ್ಟಿಗೆ ಸಿದ್ಧವಾಗಿದ್ದವು. ಒಂದು ಶನಿವಾರ, ಇನ್ನೊಂದು ಮಫ್ಲರ್ ಸೇರಿಸಲೆಂದು ಮುಚ್ಚಿದ ಪೆಟ್ಟಿಗೆಯೊಂದನ್ನು ತೆರೆದೆವು. ಮೇಲಿನ ಕೋಟಿನ ಒಳಜೇಬು ಉಬ್ಬಿತ್ತು. ಎಡಗಡೆಯ ಒಳಜೇಬು. ಬುಧವಾರ ಅದರೊಳಗೆ ನನ್ನದೇ ಕೈ ಹೋಗಿ ಖಾಲಿ ಬಂದಿತ್ತು. ನನಗೆ ಚೆನ್ನಾಗಿ ನೆನಪಿತ್ತು, ಏಕೆಂದರೆ ಒಳಗಿನ ಅಸ್ತರು ಹರಿದು ಬೆರಳು ಸಿಕ್ಕಿಕೊಂಡಿತ್ತು. ಈಗ ಅದರಲ್ಲಿ ಬಿಳೀ ಬಟ್ಟೆಯಲ್ಲಿ ಸುತ್ತಿದ ಏನೋ ಗಟ್ಟಿ ವಸ್ತು. ಬಿಚ್ಚಿದೆ. ಕಪ್ಪು ಬ್ರೆಡ್ಡಿನ ಒಣ ತುಂಡು, ಮೇಲೆ ಜೀರಿಗೆಯಂಥ ಕಾಳು. ಒಂದು ತುದಿ ಕಚ್ಚಿ ತೆಗೆದಿತ್ತು. ಕಚ್ಚಿದ ಗುರುತು ಇಷ್ಟೇ ಇಷ್ಟು, ಮಗುವಿನ ಬಾಯಿಯದು.

ಆ ಹಾಲ್‌ಗೆ ಮಕ್ಕಳು ಬರುತ್ತಿರಲಿಲ್ಲ. ಅರವತ್ತು ದಾಟದವಳು ಅಲ್ಲಿ ನಾನೊಬ್ಬಳೇ.

ಮುಂದಿನ ವಾರ ಇನ್ನೊಂದು ಸಿಕ್ಕಿತು. ಅದರ ಮುಂದಿನ ವಾರ ಎರಡು. ಯಾವಾಗಲೂ ಎಡಗಡೆಯ ಒಳಜೇಬು, ಯಾವಾಗಲೂ ಅದೇ ಸಣ್ಣ ಕಚ್ಚು. ಗುಂಡಿ ಹೊಲಿಯುವ ಮುದುಕಿ ಕೆಲಸ ಬಿಟ್ಟು ಎದೆಯ ಮೇಲೆ ಶಿಲುಬೆ ಬರೆದುಕೊಳ್ಳುತ್ತಾ ಕುಳಿತಳು. ಅವಳ ಬಾಯಿಂದಲೇ ನನಗೆ ಸಾವಿರದ ಒಂಬೈನೂರ ಮೂವತ್ತಮೂರರ ಕಥೆ ತಿಳಿದದ್ದು. ಅವರ ಊರುಗಳಲ್ಲಿ ಆ ವರ್ಷ ಬೆಳೆ ಬಂದಿತ್ತು. ಸೋವಿಯತ್ ಸರ್ಕಾರದವರು ಮನೆಮನೆ ಹೊಕ್ಕು, ಕೋಲಿನಿಂದ ನೆಲ ಚುಚ್ಚಿ ನೋಡಿ, ಕೊನೆಯ ಹಿಡಿ ಕಾಳನ್ನೂ ಹೊತ್ತುಕೊಂಡು ಹೋದರು. ಊರಿಗೆ ಊರೇ ಹಸಿದು ಸತ್ತಿತು.

“ಹಸದು ಸತ್ತ ಕೂಸುಗಳು,” ಎಂದಳು ಆಕೆ ನನ್ನ ಮಣಿಕಟ್ಟು ಹಿಡಿದು, “ಪಾರ್ಸಲ್ ಕಟ್ಟೋದು ಕಂಡ್ರ ಬರ್ತಾವ. ರೊಟ್ಟಿ ಇಲ್ದ ಗಂಟು ಅವಕ್ಕ ತಡಕೊಳ್ಳಾಕ ಆಗಂಗಿಲ್ಲ.”

ನಾನು ನಗಲು ನೋಡಿದೆ, ಬರಲಿಲ್ಲ.

ಹಲೀನಾ ನಗಲೂ ಇಲ್ಲ, ಶಿಲುಬೆಯನ್ನೂ ಬರೆದುಕೊಳ್ಳಲಿಲ್ಲ. ನನ್ನನ್ನು ನೋಡಿದರು. “ಜೇಬು ನೋಡಿದ್ದಿ?” “ನೋಡೀನ್ರೀ.” “ಎರಡ ಸಲ?” “ಎರಡ ಸಲ.” ಅವರ ಕಣ್ಣಿನಲ್ಲಿ ನನ್ನ ರೆಫರೆನ್ಸ್ ಪತ್ರ ಒಂದೊಂದೇ ಅಕ್ಷರವಾಗಿ ಅಳಿಸಿಹೋಗುವುದು ಕಾಣುತ್ತಿತ್ತು. ಅಂದಿನಿಂದ ಪ್ರತಿ ಕೋಟನ್ನೂ ಮೂರು ಸಲ ನೋಡತೊಡಗಿದೆ.

ಆಮೇಲೆ ದೊಡ್ಡ ಪೆಟ್ಟೇ ಬಿತ್ತು. ಮೊದಲ ಕಂತು ಪೆಟ್ಟಿಗೆಗಳನ್ನು ಹಡಗಿನ ಏಜೆಂಟರು ಅಲ್ಲೊಂದು ಇಲ್ಲೊಂದು ತೆರೆದು ನೋಡಿದಾಗ ಮೂರರಲ್ಲಿ ಬ್ರೆಡ್ಡು ಸಿಕ್ಕಿತು. ತಿನ್ನುವ ಪದಾರ್ಥ ಇರಕೂಡದೆಂದು ನಾವು ಬರೆದುಕೊಟ್ಟಿದ್ದೆವು. ಅಷ್ಟೂ ಪೆಟ್ಟಿಗೆಗಳು ಹಾಲ್‌ಗೆ ವಾಪಸಾದವು. ಇನ್ನೊಮ್ಮೆ ಹೀಗಾದರೆ ನಿಮ್ಮ ಸಾಮಾನು ಮುಟ್ಟುವುದಿಲ್ಲ ಎಂದರು. ಹಲೀನಾ ಆ ಪೆಟ್ಟಿಗೆಗಳ ನಡುವೆ ನಿಂತು ತೀರ್ಪು ಕೊಟ್ಟರು.

“ಇದು ಓಲ್ಯಾನ ಆಟ. ಅಕಿ ಮಂದಿ ಇಲ್ಲಿ ಯಾರೋ ಅದಾರ. ನನ್ನ ಹೆಸರು ಕೆಡಸಾಕ ನಿಂತಾಳ. ಬರೂ ಶನಿವಾರ ಸಭಾ ಕರೀತೀನಿ. ಜೋಡಿ ಕಂಟೇನರು ಸಾಕು. ಅವ್ರದು ಅವ್ರು ಕಳಸಲಿ, ನಮ್ದು ನಾವು.”

ಎಲ್ಲರಿಗೂ ಗೊತ್ತಿತ್ತು: ಬೇರೆ ಬೇರೆ ಎಂದರೆ ಯಾರದೂ ಹೋಗುವುದಿಲ್ಲ. ಅಲ್ಲಿ ಚಳಿ ಬರುವ ಮುಂಚೆ ತಲುಪಬೇಕಾದ ಆರುನೂರು ಕೋಟುಗಳು ಇಲ್ಲೇ ತೂಗುತ್ತವೆ.

ಬುಧವಾರ ಮಧ್ಯಾಹ್ನ ಹಾಲ್‌ನಲ್ಲಿ ನಾವಿಬ್ಬರೇ ಇದ್ದೆವು. ಹೊರಗೆ ಒಳ್ಳೆ ಬಿಸಿಲು, ತಗಡಿನ ಮಾಡು ಟಪ್ ಟಪ್ ಎಂದು ಹಿಗ್ಗುತ್ತಿತ್ತು. ಬೀಟ್‌ರೂಟ್ ಸೂಪು ಕುಡಿದಾಯಿತು. ನಾನು ತಟ್ಟೆ ತೊಳೆಯಲು ಒಳಗೆ ಹೋದೆ. ಅಡುಗೆ ಕೋಣೆಗೂ ಹಾಲ್‌ಗೂ ನಡುವೆ ಊಟ ಕೊಡುವ ಕಿಂಡಿಯೊಂದಿತ್ತು. ಅದರಿಂದ ಕಣ್ಣೆತ್ತಿ ನೋಡಿದಾಗ ಹಲೀನಾ ಕೋಟುಗಳ ಸಾಲಿನ ಮುಂದೆ ನಿಂತಿದ್ದರು. ಕೈಯಲ್ಲಿ ಊಟದಲ್ಲಿ ಉಳಿದ ಬ್ರೆಡ್ಡು. ತಲೆಯ ಮೇಲಿನ ಬಿಳೀ ಕರ್ಚೀಫು ತೆಗೆದು ಬ್ರೆಡ್ಡಿಗೆ ಸುತ್ತಿದರು. ಸುತ್ತಿದ ಬಟ್ಟೆಯ ಮೇಲಿಂದಲೇ, ಅಷ್ಟು ದೊಡ್ಡ ಬಾಯನ್ನು ಕಿರಿದು ಮಾಡಿ, ತುದಿಯನ್ನು ಒಂದಿಷ್ಟೇ ಕಚ್ಚಿದರು. ಸದ್ದೇ ಆಗಲಿಲ್ಲ. ಕಚ್ಚಿದ ಚೂರನ್ನು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಒಂದು ಕೋಟಿನ ಎಡ ಒಳಜೇಬಿಗೆ ಇಳಿಬಿಟ್ಟರು. ಆಮೇಲೆ ಆ ಖಾಲಿ ಕೋಟಿನ ಎದೆಯ ಮೇಲೆ ಅಂಗೈಯಿಟ್ಟು, ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ದನಿ ಅವರದ್ದಲ್ಲ. ಎಂಟು ಒಂಬತ್ತು ವರ್ಷದ ಹುಡುಗಿಯದು.

ನನ್ನ ಕೈಯ ತಟ್ಟೆಯಿಂದ ನೀರು ಪಾದದ ಮೇಲೆ ಸುರಿಯುತ್ತಿತ್ತು. ಅದನ್ನು ತಿಳಿಯಲೂ ನನಗೆ ಹೊತ್ತು ಹಿಡಿಯಿತು.

ಹತ್ತು ನಿಮಿಷದ ಮೇಲೆ ಅವರು ಮೊದಲಿನ ಹಲೀನಾ ಆಗಿ, ಕನ್ನಡಕ ಹಾಕಿಕೊಂಡು, ಅದೇ ಸಾಲಿನ ಕೋಟುಗಳನ್ನು ಕೊನೆಯ ಸಲ ತಪಾಸಣೆ ಮಾಡುತ್ತಾ ಬಂದರು. ಆ ಕೋಟಿನ ಬಳಿ ನಿಂತರು. ಕೈ ಒಳಗೆ ಹೋಯಿತು. ಹೊರಗೆ ಬಂದಾಗ ಮುಖದ ಬಣ್ಣ ಹಾರಿಹೋಗಿತ್ತು.

“ಮತ್ತ ಬಂತು,” ಎಂದರು. “ಈಗ, ನಾವು ಇಬ್ರೂ ಇಲ್ಲೇ ಇದ್ದಾಗ. ಯಾರು ಬಂದಿದ್ರು? ಯಾರನ್ನ ನೋಡಿದಿ?”

ಕೈಯಲ್ಲಿದ್ದ ಬಟ್ಟೆ ತಮ್ಮದೇ ಎಂಬುದು ಅವರಿಗೆ ಹೊಳೆಯಲಿಲ್ಲ. ಅವರು ನಾಟಕ ಮಾಡುತ್ತಿರಲಿಲ್ಲ. ಅಷ್ಟು ಹೆದರಿದ ಮನುಷ್ಯರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. “ಯಾರೂ ಬಂದಿಲ್ರೀ,” ಎಂದೆ. ಅದು ನಿಜವೇ ಆಗಿತ್ತು.

ಸಂಜೆ ಫ್ಲೇವಿಗೆ ಹೇಳಿದೆ. ಅವಳು ಚಹಾದ ಕಪ್ಪನ್ನು ಕೆಳಗಿಟ್ಟಳು.

“ದೆವ್ವವೂ ಇಲ್ಲ ಎಂತದ್ದೂ ಇಲ್ಲ ಮಾರಾಯ್ತಿ. ಮರೆವಿನ ಕಾಯಿಲೆ ಶುರುವಾದದ್ದು. ನಮ್ಮ ಹೋಮಿನಲ್ಲಿ ದಿನಾ ನೋಡ್ತೇನೆ. ಈಗಿನದ್ದೆಲ್ಲ ಹೋಗ್ತದೆ, ಸಣ್ಣಾಗಿರುವಾಗ ಕಲಿತದ್ದು ಮಾತ್ರ ಕೈಯಲ್ಲಿ ಉಳೀತದೆ. ನೋಡು, ಆ ಹೆಂಗಸಿಗೆ ಹೆಸರೇ ಎಲ್ಲ. ಎಲ್ಲರ ಎದುರು ಹೇಳಿದ್ರೆ ಮತ್ತೆ ತಲೆ ಎತ್ಲಿಕ್ಕಿಲ್ಲ.”

“ಹೇಳದಿದ್ರ ಕಂಟೇನರು ಹೋಗಂಗಿಲ್ಲ. ಅಕ್ಕತಂಗೇರು ಸಾಯೂತನಾ ಮಾತಾಡಂಗಿಲ್ಲ.”

“ಅದೂ ಹೌದು,” ಎಂದಳು ಫ್ಲೇವಿ.

ಗುರುವಾರ ಬೆಳಿಗ್ಗೆ ಬೊಹ್ದಾನ್ ಅಂಕಲ್ ಮೆಲ್ಬರ್ನಿನ ಕೊನೆಯ ಪೆಟ್ಟಿಗೆ ತರಲು ಹೊರಟಾಗ ನಾನೂ ಟ್ರಕ್ ಹತ್ತಿದೆ. ಆ ಬ್ರೆಡ್ಡಿನ ತುಂಡು ಬಟ್ಟೆಯ ಸಮೇತ ನನ್ನ ಬ್ಯಾಗಿನಲ್ಲಿತ್ತು. ಹಿಂದೆ ಖಾಲಿ ಹ್ಯಾಂಗರುಗಳು ದಾರಿಯುದ್ದಕ್ಕೂ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

ಓಲ್ಯಾ ಗಿಡ್ಡನೆಯ, ಚುರುಕಿನ ಮುದುಕಿ. ಬಾಗಿಲು ತೆರೆದಾಗಲೇ ಹೊರಗೆ ಹೊರಟವರಂತೆ ಬಾಟಲಿ ಹಸಿರು ಕೋಟು ತೊಟ್ಟಿದ್ದರು. ಮನೆಯೊಳಗೂ ಅದನ್ನು ಬಿಚ್ಚುವ ಅಭ್ಯಾಸ ಅವರಿಗಿರಲಿಲ್ಲ. ನಾನು ಪೀಠಿಕೆ ಹಾಕದೆ ಬಟ್ಟೆ ಬಿಚ್ಚಿ ಮೇಜಿನ ಮೇಲಿಟ್ಟೆ. ಅವರು ಬ್ರೆಡ್ಡನ್ನು ಮುಟ್ಟಲಿಲ್ಲ. ಬಟ್ಟೆಯ ಮೇಲಿದ್ದ ಹಲ್ಲಿನ ಗುರುತನ್ನು ಬೆರಳ ತುದಿಯಿಂದ ತಡವಿದರು.

“ಎಡಗಡಿ ಒಳಜೇಬು?” ಎಂದರು.

ನಾನು ಜೇಬಿನ ವಿಷಯ ಇನ್ನೂ ಹೇಳಿಯೇ ಇರಲಿಲ್ಲ. ಹೌದೆಂದು ತಲೆಯಾಡಿಸಿದೆ.

“ಒಣ ರೊಟ್ಟಿ ಮುರದ್ರ ಸಪ್ಪಳ ಆಗತೈತಿ. ಸಪ್ಪಳ ಆದ್ರ ಕೇಳಾವ್ರು ಇರ್ತಿದ್ರು. ಅದಕ್ಕ ಅರಿವ್ಯಾಗ ಸುತ್ತಿ ಕಡದು ಕೊಡ್ತಿದ್ಲು. ಅಕಿಗೆ ಒಂಬತ್ತು, ನನಗ ಐದು. ಅಕಿ ಬಾಯಿ ದೊಡ್ಡದು ನೋಡು, ಆದ್ರ ಕಡಿಯೋದು ಇಷ್ಟ. ಉಳದದ್ದೆಲ್ಲಾ ನನಗ. ದಾರ್ಯಾಗ ಯಾರರ ಕಸಗೊಂಡಾರು ಅಂತ ನನ್ನ ಕೋಟಿಗೆ ಒಳಗ ಜೇಬು ಹೊಲದಿದ್ಲು. ಎಡಗಡಿ.” ಅವರು ತಮ್ಮ ಎದೆಯ ಎಡಭಾಗವನ್ನು ಮುಟ್ಟಿಕೊಂಡರು. “ಆ ಸುಗ್ಗಿ ಬರೂದ್ರಾಗ ಅವ್ವ ಹೋದ್ಲು. ನಾ ಉಳದೆ.”

ನಾನು ಅವರಿಗೆ ನಮ್ಮ ಕಡೆಯ ಗುಬ್ಬಿ ಎಂಜಲಿನ ಸಂಗತಿ ಹೇಳಿದೆ. ಮಕ್ಕಳು ಕಡ್ಲಿ ಚಿಕ್ಕಿಯನ್ನೋ ಮಾವಿನಕಾಯನ್ನೋ ಲಂಗದ ಚುಂಗಿನಲ್ಲಿ ಸುತ್ತಿ ಕಚ್ಚಿ ಪಾಲು ಮಾಡಿಕೊಳ್ಳುವುದು. ಬಟ್ಟೆ ಅಡ್ಡವಿದ್ದರೆ ಎಂಜಲಾಗುವುದಿಲ್ಲವೆಂಬ ನಂಬಿಕೆ. ಮೊದಲ ದಿನ ಆ ಕಚ್ಚು ನೋಡಿದಾಗಲೇ ಇದನ್ನು ನಾನು ಬಲ್ಲೆ ಎಂದು ಒಳಗೆಲ್ಲೋ ಅನಿಸಿ, ಹೊರಗೆ ಬಾರದೆ ನಿಂತಿತ್ತು. ಓಲ್ಯಾ ಕೇಳಿಸಿಕೊಂಡರು. “ಅಕಿಗೆ ಗೊತ್ತಾಗಬಾರದು,” ಎಂದರು. ಎದ್ದು ಒಲೆ ಆರಿಸಿ, ಚೀಲ ತೆಗೆದುಕೊಂಡು ನಮ್ಮ ಟ್ರಕ್ ಹತ್ತಿದರು.

ಶನಿವಾರದ ಸಭೆಯಲ್ಲಿ ಅಕ್ಕತಂಗಿ ಮೂವತ್ತು ವರ್ಷದ ಮೇಲೆ ಎದುರಾದರು. “ಬಂದೀ?” ಎಂದರು ಹಲೀನಾ. “ಬಂದೆ,” ಎಂದರು ಓಲ್ಯಾ. ಅಷ್ಟೇ. ಹಲೀನಾ ಎದ್ದು ತಮ್ಮ ಆರೋಪ ಓದಲು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ನಾನು ಎದ್ದು ನಿಂತೆ.

“ಬ್ರೆಡ್ ಇಟ್ಟಾಕಿ ನಾನು,” ಎಂದೆ. “ನಮ್ಮೂರಾಗ ದೂರದೂರಿಗೆ ಗಂಟು ಕಟ್ಟಿದ್ರ ರೊಟ್ಟಿ ಇಡದ ಕಳಸಂಗಿಲ್ಲ. ಬೈತೀರಿ ಅಂತ ಹೇಳಿರಲಿಲ್ಲ. ತಪ್ಪಾತು.”

ಇದರಲ್ಲಿ ಅರ್ಧ ಸತ್ಯವೇ. ಅವ್ವ ನನಗೆ ಕಳಿಸಿದ ಯಾವ ಪಾರ್ಸೆಲ್ಲೂ ಕಡಕ್ ರೊಟ್ಟಿಯಿಲ್ಲದೆ ಬಂದಿರಲಿಲ್ಲ.

“ಮತ್ತ ಆ ಕೂಸಿನ ಹಲ್ಲು?” ಎಂದಳು ಗುಂಡಿ ಹೊಲಿಯುವ ಮುದುಕಿ.

ಮೇಜಿನ ಮೇಲಿದ್ದ ಬ್ರೆಡ್ಡಿನ ತುಂಡೊಂದನ್ನು ನನ್ನ ದುಪಟ್ಟಾದ ಚುಂಗಿನಲ್ಲಿ ಸುತ್ತಿದೆ. ಬಾಯಿ ಕಿರಿದು ಮಾಡಿ ತುದಿ ಕಚ್ಚಿದೆ. ಸದ್ದಾಗಲಿಲ್ಲ. ಉಳಿದದ್ದನ್ನು ಎತ್ತಿ ತೋರಿಸಿದೆ. “ಹಿಂಗ. ಇದು ನಮ್ಮ ಪದ್ಧತಿ.” ಹಾಲ್‌ನಲ್ಲಿ ಒಂದು ದೊಡ್ಡ ನಿಟ್ಟುಸಿರು ಎದ್ದಿತು, ಹಸಿದ ಕೂಸುಗಳಿಗಿಂತ ತಲೆತಿರುಕ ಇಂಡಿಯನ್ ಹುಡುಗಿ ಅವರಿಗೆ ಎಷ್ಟೋ ಮೇಲಾಗಿ ಕಂಡಿರಬೇಕು. ಹಲೀನಾ ಮಾತ್ರ ನನ್ನ ಕೈಯ ತುಂಡನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಏನೋ ಹತ್ತಿರ ಬಂದು, ಹೆಸರು ಸಿಗದೆ, ಹಿಂದೆ ಸರಿದದ್ದನ್ನು ನಾನು ಕಂಡೆ.

“ಮೂರು ಸಲ ಕೇಳಿದೆ ನಿನ್ನ,” ಎಂದರು ಕೊನೆಗೆ. “ಮೂರು ಸಲಾನೂ ಸುಳ್ಳ ಹೇಳಿದಿ. ನಿನಗ ಪತ್ರ ಬರದುಕೊಡಾಕ ನನ್ನ ಕೈಲೆ ಆಗಂಗಿಲ್ಲ.” ತಂಗಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, “ನಿನ್ನ ಮ್ಯಾಲೆ ಸಂಶೇ ಪಟ್ಟೆ. ತಪ್ಪಾತು,” ಎಂದರು. ಕಂಟೇನರ್ ಜೊತೆಯಾಗಿಯೇ ಹೋಗುವುದೆಂದಾಯಿತು. ನಾನು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತು ಚೆನ್ನಾಗಿ ಅತ್ತೆ. ತ್ಯಾಗಮಯಿ ಎಂದು ಯಾರೂ ತಿಳಿಯಬೇಡಿ, ಆ ಪತ್ರ ನನಗೆ ನಿಜಕ್ಕೂ ಬೇಕಾಗಿತ್ತು.

ಕಂಟೇನರ್ ಬಂದು ಹಾಲ್‌ನ ಮುಂದೆ ನಿಂತದ್ದು ಮಂಗಳವಾರ. ಎರಡೂ ಊರಿನ ಹೆಂಗಸರು ಸಾಲು ನಿಂತು ಪೆಟ್ಟಿಗೆ ದಾಟಿಸಿದರು. ಓಲ್ಯಾ ತಾವಾಗಿಯೇ ಅಕ್ಕನ ಪಕ್ಕದಲ್ಲಿ ನಿಂತು, ಅವರ ಕೈಯಿಂದ ಕಣ್ಣು ತೆಗೆಯಲಿಲ್ಲ. ಮಧ್ಯಾಹ್ನ ಎಲ್ಲರೂ ಸೂಪಿಗೆ ಕುಳಿತರು. ಹಲೀನಾ ಎದ್ದರು. ನಾನು ಓಲ್ಯಾನನ್ನು ನೋಡಿದೆ, ಅವರಾಗಲೇ ಎದ್ದು ಹಿಂದೆ ಹೋಗುತ್ತಿದ್ದರು. ನಾನೂ ಹೋದೆ.

ಕಬ್ಬಿಣದ ಸರಳುಗಳಲ್ಲಿ ಈಗ ಒಂದೂ ಕೋಟಿರಲಿಲ್ಲ. ಹಲೀನಾ ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡು ಕಚ್ಚಿ, ಹಿಡಿದುಕೊಂಡು, ಖಾಲಿ ಹ್ಯಾಂಗರುಗಳ ನಡುವೆ ಅತ್ತಿತ್ತ ಹುಡುಕುತ್ತಿದ್ದರು. ಹಿಂದೆ ಹೆಜ್ಜೆ ಸದ್ದು ಕೇಳಿ ತಿರುಗಿದರು. ತಂಗಿಯ ಮುಖವನ್ನು ನೇರವಾಗಿ ನೋಡಿದರು. ಗುರುತು ಹತ್ತಲಿಲ್ಲ. ಆ ಹುಡುಗಿಯ ದನಿಯಲ್ಲಿ, ತಗ್ಗಿಸಿ, ತಮ್ಮ ಭಾಷೆಯಲ್ಲಿ ಮಾತಾಡಿದರು. ಓಲ್ಯಾ ಆಮೇಲೆ ನನಗದನ್ನು ಹೇಳಿದರು.

“ಅಮ್ಮಾ, ನೀವು ಯಾರೋ ಗೊತ್ತಿಲ್ಲ. ನನ್ನ ತಂಗಿ ಓಲ್ಯಾ ಸಿಕ್ರ ಇದನ್ನ ಕೊಡ್ರಿ. ಸಣ್ಣಾಕಿ ಅದಾಳ, ಹಸದಾಳ. ಅವ್ವಗ ಹೇಳಬ್ಯಾಡ್ರಿ.”

ಓಲ್ಯಾ ಎರಡೂ ಕೈಯೊಡ್ಡಿ ತೆಗೆದುಕೊಂಡರು. ಹಸಿರು ಕೋಟಿನ ಗುಂಡಿ ಬಿಚ್ಚಿ, ಎಡಗಡೆಯ ಒಳಜೇಬಿನಲ್ಲಿ ಇಟ್ಟರು. ಹಲೀನಾ ಅದು ಒಳಗೆ ಇಳಿಯುವವರೆಗೂ ನೋಡಿ, ಸಮಾಧಾನದಿಂದ ತಲೆಯಾಡಿಸಿದರು. “ಅಲ್ಲಿ ಯಾರೂ ನೋಡಂಗಿಲ್ಲ,” ಎಂದರಂತೆ.

ಕಂಟೇನರ್ ಹೋಯಿತು, ಒಂದು ಪೆಟ್ಟಿಗೆಯೂ ವಾಪಸು ಬರಲಿಲ್ಲ. ವಸಂತಕ್ಕೆ ಮುಂಚೆ ಹಲೀನಾ ಅವರನ್ನು ತಂಗಿ ಮೆಲ್ಬರ್ನಿಗೆ ಕರೆದುಕೊಂಡು ಹೋದರು. ಇಬ್ಬರೂ ಒಂದೇ ಮನೆಯಲ್ಲಿದ್ದರು. ನನ್ನ ರೆಫರೆನ್ಸ್ ಪತ್ರ ಬರೆದದ್ದೂ ಓಲ್ಯಾ. ಈಕೆ ಜೇಬು ಚೆನ್ನಾಗಿ ನೋಡುತ್ತಾಳೆ, ಬಾಯಿ ಇನ್ನೂ ಚೆನ್ನಾಗಿ ಮುಚ್ಚಿಕೊಳ್ಳುತ್ತಾಳೆ ಎಂದು ಅದರಲ್ಲಿತ್ತು. ಅದನ್ನೋದಿ ಮೆಲ್ಬರ್ನಿನ ಒಂದು ಆಫೀಸಿನವರು ನಗುತ್ತಾ ಕೆಲಸ ಕೊಟ್ಟರು. ಅಕ್ಕ ತೀರಿಕೊಂಡ ಎರಡು ವರ್ಷಕ್ಕೆ ತಂಗಿಯೂ ಹೋದರು. ಅವರ ಹಸಿರು ಕೋಟು ಬೊಹ್ದಾನ್ ಅಂಕಲ್ ಕೈಯಲ್ಲಿ ನನ್ನ ಮನೆಗೆ ಬಂತು. ನಾನು ಅದನ್ನು ತೊಡಲಿಲ್ಲ, ಒಗೆಯಲೂ ಇಲ್ಲ. ಹಾಗೇ ಸೂಟ್‌ಕೇಸಿನಲ್ಲಿಟ್ಟೆ.

ಗ್ಯಾರೇಜಿನ ಬಾಗಿಲಲ್ಲಿ ಮಗಳು ಬಂದು ನಿಂತಳು. ಶಾಲೆಯ ಚೀಟಿಯ ಕೆಳಗೆ ಒಂದು ಖಾನೆಯಿದೆ, ಜೇಬು ನೋಡಿದವರು ಸಹಿ ಮಾಡಬೇಕು.

“ಮಮ್, ಡಿಡ್ ಯೂ ಚೆಕ್ ದ ಪಾಕೆಟ್ಸ್?”

ಕೋಟನ್ನು ಮಡಿಸಿದೆ. ಎಡಭಾಗದ ಅಸ್ತರಿನ ಕೆಳಗೆ ಅಂಗೈಗೆ ಏನೋ ಗಟ್ಟಿಯಾಗಿ ಒತ್ತಿತು. ನೂರಾರು ಸತ್ತವರ ಜೇಬಿಗೆ ಹೋಗಿ ಬಂದ ಕೈ ಅದು, ಈ ಒಂದು ಜೇಬಿಗೆ ಹೋಗಲಿಲ್ಲ. ದಾರಿಯಲ್ಲಿ ತೆರೆದು ನೋಡುವವರು ಸಿಕ್ಕರೆ ಸಿಗಲಿ. ಸಿಗದಿದ್ದರೆ ಆ ಊರಿನಲ್ಲಿ ಯಾರೋ ಒಬ್ಬಳು ಇದನ್ನು ತೊಟ್ಟಾಳು.

“ನೋಡೀನಿ, ಎಲ್ಲಾ ಖಾಲಿ ಅದಾವ,” ಎಂದು ಪೆನ್ನು ತೆಗೆದುಕೊಂಡು ಸಹಿ ಮಾಡಿದೆ.